ಕಂಡರು, ಬಿಡಿ

ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂರುವ ಕೆಲಸ ನನಗೆ ಸಿಕ್ಕಿದ್ದು ನನ್ನ ದನಿ ಇಂಪಾಗಿದೆ ಅಂತಲ್ಲ. ದನಿ ನೋಡಿ ಕೊಡುವುದಾಗಿದ್ದರೆ ಆ ಕುರ್ಚಿಯಲ್ಲಿ ಬೇರೆ ಯಾರೋ ಇರುತ್ತಿದ್ದರು. ಹುಟ್ಟಿದಾಗಿನಿಂದ ನನಗೆ ಒಮ್ಮೆಯೂ ಮಾತು ಹೋಗಿರಲಿಲ್ಲ, ಅದಕ್ಕೇ ಸಿಕ್ಕಿತು. ನನಗಿಂತ ಮುಂಚೆ ಅಲ್ಲಿದ್ದ ಮನುಷ್ಯ ಒಂದು ಬೆಳಿಗ್ಗೆ ಕಿಟಕಿಯ ಸರಳಿನ ಮೇಲೆ ಇರುವೆಯೊಂದು ಸಕ್ಕರೆ ಹರಳು ಹೊತ್ತುಕೊಂಡು ಹೋಗುವುದನ್ನು ನೋಡಿ ಮೂಕನಾಗಿ ಕೂತುಬಿಟ್ಟ. ಅಂದು ಮದುವೆಗೆ ಹೊರಟವರು ತಿಥಿಯೂಟದ ಊರಿನಲ್ಲಿ ಇಳಿದರು, ತಿಥಿಗೆ ಹೊರಟವರು ಮದುವೆ ಊಟ ಉಂಡು ಬಂದರು. ಎರಡು ಮನೆಯವರೂ ಬೈದ ಮೇಲೆ ಡಿಪೋದವರು ಗಟ್ಟಿ ಬಾಯಿಯವರನ್ನು ಹುಡುಕಿಕೊಂಡು ನಮ್ಮ ಮನೆ ಬಾಗಿಲಿಗೆ ಬಂದರು.

ಮಾತು ಹೋಗುವುದು ನಮ್ಮೂರಲ್ಲಿ ನೆಗಡಿ ಬಂದಷ್ಟೇ ಸಾಮಾನ್ಯ. ಏನೋ ಒಂದು ಕಣ್ಣಿಗೆ ಬೀಳುತ್ತದೆ, ಎದೆ ತುಂಬುತ್ತದೆ, ಬಾಯಿ ನಿಲ್ಲುತ್ತದೆ. ಒಲೆಯ ಮೇಲಿನ ಹಾಲು ಉಕ್ಕಿ ಬರುವಷ್ಟು ಹೊತ್ತು, ಹೆಚ್ಚೆಂದರೆ ಅನ್ನ ಬೇಯುವಷ್ಟು ಹೊತ್ತು. ಮಾತು ತಿರುಗಿ ಬಂದಾಗ ಮೊದಲು ಹೇಳುವುದು ಕಂಡದ್ದನ್ನೇ. ಕಂಡದ್ದಾದರೂ ಏನು? ಬೆಂಡೆಕಾಯಿಯ ಹೂವು, ಕಾವಲಿಯ ಮೇಲಿನ ದೋಸೆಗೆ ಬೀಳುವ ತೂತು, ನಿದ್ದೆಯಲ್ಲಿ ಮಗು ತುಟಿ ಆಡಿಸುವುದು. ದೊಡ್ಡದಕ್ಕೆ ನಮ್ಮವರು ಸೊಪ್ಪು ಹಾಕುವುದಿಲ್ಲ. ಒಂದು ವರ್ಷ ಸರ್ಕಸ್ಸಿನವರು ಆನೆ ತಂದಾಗ ಊರೆಲ್ಲ ಬಾಯಿ ಮುಚ್ಚದೆ ಹರಟಿತು. ಆನೆ ಹೋದ ಮೇಲೆ ಅದರ ಲದ್ದಿಯ ಮೇಲೆ ಕೂತ ಚಿಟ್ಟೆ ನೋಡಿ ನಾಲ್ಕು ಜನಕ್ಕೆ ಒಟ್ಟಿಗೇ ಮಾತು ಹೋಯಿತು.

ಹೀಗಾಗಿ ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಬ್ಬರು 'ಬಾಯಿ' ಇರುತ್ತಾರೆ. ಮಾತು ಹೋದವರ ಪಕ್ಕದಲ್ಲಿ ನಿಂತು ಅವರ ಪರವಾಗಿ ಮಾತಾಡುವವರು. ಬಾಯಾದವರು ಮೊದಲು ಹೇಳುವ ಮಾತು ಒಂದೇ: "ಕಂಡ್ರು, ಬಿಡಿ." ಅಷ್ಟು ಹೇಳಿದರೆ ಸಾಕು, ಸಾಲ ಕೇಳಲು ಬಂದವನೂ ಸುಮ್ಮನೆ ಕೂರುತ್ತಾನೆ, ಅರ್ಧಕ್ಕೆ ಬಂದ ಜಗಳವೂ ನಿಲ್ಲುತ್ತದೆ. ಆಮೇಲೆ ಬಾಯಾದವರು ಏನು ಹೇಳಿದರೂ ಅದು ಕಂಡವರ ಮಾತೇ. ಅದನ್ನು ಯಾರೂ ಮೀರುವಂತಿಲ್ಲ. ನನಗೆ ಮಾತು ಹೋಗುವುದಿಲ್ಲವೆಂದು ಗೊತ್ತಾದ ಮೇಲೆ ನಮ್ಮ ಬೀದಿಗೆಲ್ಲ ನಾನೇ ಬಾಯಿಯಾದೆ.

ನನ್ನ ಗಂಡ ಪರಮೇಶಿ ಹಿಟ್ಟಿನ ಗಿರಣಿ ನಡೆಸುತ್ತಾನೆ. ಆ ಸದ್ದಿನಲ್ಲಿ ಮಾತು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹೆಣ್ಣು ನೋಡಲು ಬಂದ ದಿನ ನಾನು ಕಾಫಿ ತಂದುಕೊಟ್ಟೆ, ಆತನಿಗೆ ಮಾತು ಹೋಯಿತು. ನನ್ನನ್ನು ನೋಡಿಯೇ ಅಂದುಕೊಂಡು ನಾನು ನಾಚಿ ನೀರಾದೆ. ಮಾತು ಬಂದ ಮೇಲೆ ಆತ ಹೇಳಿದ್ದು, "ಲೋಟದ ಮೇಲಿನ ನೊರೆ." ಆದರೂ ಮದುವೆಯಾದೆವು.

ಆತನ ತಾಯಿ, ನನ್ನ ಅತ್ತೆ ಚೆನ್ನಾಜಮ್ಮನ ನಾಲಿಗೆ ಮಾತ್ರ ಈಳಿಗೆಮಣೆ. ಆಕೆಗೆ ಹೆದರಿ ತರಕಾರಿಯವನು ಹುಳುಕು ಬದನೆಕಾಯಿಗಳನ್ನು ತಾನೇ ಆರಿಸಿ ಪಕ್ಕಕ್ಕಿಡುತ್ತಿದ್ದ. ನನ್ನ ಅಡುಗೆಯಲ್ಲಿ ಇಷ್ಟು ವರ್ಷದಲ್ಲಿ ಆಕೆಗೆ ಸಿಕ್ಕಿದ್ದು ಒಂದೇ ತಪ್ಪು, ಅದೂ ದಿನಾ. "ಉಪ್ಪು ಜಾಸ್ತಿ ಕಣೆ. ಸಮುದ್ರ ಏನು ನಿಮ್ಮಪ್ಪನ ಮನೆ ಹಿತ್ತಲಲ್ಲಿತ್ತಾ?" ನಾನೂ ಬಿಡುತ್ತಿರಲಿಲ್ಲ, "ಉಪ್ಪಿನ ಋಣ ಅತ್ತೆ, ತೀರಿಸ್ತಿದೀನಿ" ಎನ್ನುತ್ತಿದ್ದೆ. ಇಂಥ ನಾಲಿಗೆಯ ಹೆಂಗಸಿಗೆ ದಿನಕ್ಕೊಮ್ಮೆಯಾದರೂ ಮಾತು ಹೋಗುತ್ತಿತ್ತು, ಏನಾದರೊಂದು ಕಂಡು. ಆಗ ಬಾಯಾಗಿ ನಿಲ್ಲುತ್ತಿದ್ದವಳು ನಾನೇ.

ನನಗೂ ಆಸೆಯಿತ್ತು. ಕಣ್ಣಲ್ಲಿ ನೀರು ಬರುವ ತನಕ ಹೂವನ್ನೋ ದೀಪದ ಕುಡಿಯನ್ನೋ ದಿಟ್ಟಿಸಿದ್ದುಂಟು. ಕಣ್ಣು ಉರಿಯಿತು ಅಷ್ಟೆ. ನನ್ನಲ್ಲಿ ಏನೋ ಒಂದು ಊನವಿದೆ, ಹೆಂಚಿನ ಮೇಲೆ ಬಿದ್ದ ನೀರಿನ ಹಾಗೆ ಎಲ್ಲವೂ ಜಾರಿ ಹೋಗುತ್ತದೆ ಎಂದು ಮನಸ್ಸು ಸಣ್ಣದಾಗುತ್ತಿತ್ತು. ಅತ್ತೆ ಅದನ್ನು ಗಮನಿಸಿದ್ದರು. "ನಿಂಗೂ ಒಂದಿನ ಆಗುತ್ತೆ ಕಣೆ ಮಂಗಳ. ಆ ದಿನ ನಿನ್ನ ಬಾಯಿ ನಾನು. ನಾನೇ ಎದ್ದು ನಿಂತು 'ಕಂಡ್ಳು, ಬಿಡಿ' ಅಂತೀನಿ, ನೋಡ್ತಿರು" ಎಂದಿದ್ದರು. ಬೈಗುಳದ ನಡುವೆ ಆಕೆ ಹೇಳಿದ ಆ ಒಂದು ಮಾತನ್ನು ನಾನು ಜೋಪಾನವಾಗಿಟ್ಟುಕೊಂಡಿದ್ದೆ.

ಅದೊಂದು ಬೆಳಿಗ್ಗೆ ಅತ್ತೆ ಹಿತ್ತಲಲ್ಲಿ ಮೊರದ ತುಂಬ ನುಗ್ಗೆಸೊಪ್ಪು ಹಾಕಿಕೊಂಡು ಬಿಡಿಸುತ್ತಿದ್ದರು. "ಬೇಳೆ ಎಷ್ಟು ಹಾಕ್ಲಿ ಅತ್ತೆ?" ಎಂದು ಒಳಗಿನಿಂದ ಕೇಳಿದೆ. ಉತ್ತರವಿಲ್ಲ. ಹೋಗಿ ನೋಡಿದರೆ ಕೈಯಲ್ಲಿ ಒಂದು ಕಡ್ಡಿ ಹಿಡಿದು ಎತ್ತಲೋ ನೋಡುತ್ತ ಕೂತಿದ್ದರು. ಬೇಲಿಯಾಚೆ ಪಕ್ಕದ ಮನೆಯ ಗೌರಕ್ಕ ಏನನ್ನೋ ಕೇಳಲು ಬಾಯಿ ತೆರೆದಳು. ನಾನು ಅಭ್ಯಾಸಬಲದಿಂದ "ಕಂಡ್ರು, ಬಿಡಿ" ಎಂದೆ. ಏನು ಕಂಡಿರಬಹುದೆಂದು ಸುತ್ತ ನೋಡಿದೆ. ಬಿಸಿಲಿಗಿಟ್ಟ ಚೊಂಬು, ಸೋರೆ ಬಳ್ಳಿ, ಒಂದು ಕಾಗೆ. ಯಾವುದೆಂದು ತಿಳಿಯದೆ ಬೇಳೆಯನ್ನು ಕೈಗೆ ಬಂದಷ್ಟು ಹಾಕಿ ಕೆಲಸಕ್ಕೆ ಹೋದೆ.

ಸಂಜೆ ಬಂದರೂ ಮಾತು ಬಂದಿರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಅಷ್ಟು ಹೊತ್ತು ಯಾರಿಗೂ ಮಾತು ಹೋದದ್ದನ್ನು ನಮ್ಮೂರು ಕಂಡಿರಲಿಲ್ಲ. ಸುದ್ದಿ ಬೀದಿಯಿಂದ ಬೀದಿಗೆ ಹೋಯಿತು. ಜನ ಚಪ್ಪಲಿಯನ್ನು ಗೇಟಿನಾಚೆಯೇ ಬಿಟ್ಟು ಬರತೊಡಗಿದರು. ಯಾರೋ ಮಲ್ಲಿಗೆ ಹಾರ ಹಾಕಿದರು, ಯಾರೋ ಎಳನೀರು ತಂದರು, ಕೂಸುಗಳನ್ನು ತಂದು ತೊಡೆಯ ಮೇಲೆ ಮಲಗಿಸಿದರು. ನೋಡಲು ಬಂದ ಪೂಜಾರಪ್ಪನಿಗೆ ಎಳನೀರಿನ ಮೇಲೆ ತೇಲುತ್ತಿದ್ದ ನಾರು ನೋಡಿ ಮಾತು ಹೋಗಿ, ಆತನಿಗೂ ನಾನೇ ಬಾಯಾಗಬೇಕಾಯಿತು. ಗೌರಕ್ಕ ನಮ್ಮ ಬೀದಿಯಲ್ಲಿ ಇಂಥ ವಿಷಯಕ್ಕೆ ಹಿರಿಯಳು. ಯಾರು ಯಾವಾಗ ಏನು ಕಂಡರೆಂದು ಆಕೆಗೆ ಬಾಯಿಪಾಠ. ಆಕೆ ಅತ್ತೆಯ ಕಾಲ ಬಳಿ ಕೂತು, "ಏನೋ ಭಾರೀದು ಕಂಡವ್ರೆ ಕಣೆ ಮಂಗಳ. ಮಾತು ಬಂದ ದಿನ ಏನು ಹೇಳ್ತಾರೋ, ಊರು ಉದ್ಧಾರ ಆಗೋ ಅಂಥದ್ದು" ಎಂದಳು.

ನನಗೆ ಮಾತ್ರ ತಲೆಬುಡ ತಿಳಿಯಲಿಲ್ಲ. ಸಾರು ಕುದಿಯುತ್ತಿತ್ತು, "ಅತ್ತೆ, ಆ ಮುಚ್ಚಳ ಇತ್ಲಾಗೆ ಕೊಡಿ" ಎಂದೆ. ಅತ್ತೆ ಎದ್ದರು, ಗೂಡಿನ ಮುಂದೆ ನಿಂತು ಯೋಚಿಸಿದರು, ಬಾಚಣಿಗೆ ತಂದುಕೊಟ್ಟರು. ತಮಾಷೆಯೆಂದು ನಕ್ಕೆ. ಆಕೆ ನಗಲಿಲ್ಲ. ಮಾತು ಹೋದವರಿಗೆ ಮಾತು ಹೋಗಿರುತ್ತದೆಯೇ ಹೊರತು ಬುದ್ಧಿ ಹೋಗಿರುವುದಿಲ್ಲ. ನನ್ನ ಗಂಡ ಮೂಕನಾಗಿದ್ದಾಗಲೂ ಗಿರಾಕಿಯ ಚಿಲ್ಲರೆ ತಪ್ಪದೆ ಕೊಡುತ್ತಾನೆ. ಇದನ್ನು ಗೌರಕ್ಕನಿಗೆ ಹೇಳಿದೆ. ಆಕೆ ಎರಡೂ ಕೈ ಎತ್ತಿ ಮುಗಿದಳು. "ಅವ್ರಿಗೀಗ ಮುಚ್ಚಳ ಬೇರೆ, ಬಾಚಣಿಗೆ ಬೇರೆ ಅಂತ ಉಳಿದಿಲ್ಲ ಕಣೆ. ಎಲ್ಲಾ ಒಂದೇ ಆಗ್ಬಿಟ್ಟಿದೆ!" ಮಾರನೆಯ ದಿನ ನಮ್ಮ ಬೀದಿಯ ಎಷ್ಟೋ ಮನೆಗಳಲ್ಲಿ ಸಾರಿನ ಪಾತ್ರೆಯ ಮೇಲೆ ಬಾಚಣಿಗೆ ಇಟ್ಟಿದ್ದರು.

ಬಂದವರೆಲ್ಲ ನನ್ನನ್ನೇ ಕೇಳುತ್ತಿದ್ದರು, "ಅಜ್ಜಿ ಏನಂತಾರೆ?" ಅದೇ ನನಗೆ ಬಿಸಿತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮುಂಚೆಯೆಲ್ಲ ಅತ್ತೆಯ ಹುಬ್ಬು ನೋಡಿದರೆ ಸಾಕಿತ್ತು, ಮಜ್ಜಿಗೆ ಬೇಕೋ ಮಗನನ್ನು ಕರೆಯಬೇಕೋ ತಿಳಿಯುತ್ತಿತ್ತು. ಈಗ ಆಕೆಯ ಮುಖ ಓದಲು ಬರುತ್ತಿರಲಿಲ್ಲ. "ಎಲ್ರೂ ಚೆನ್ನಾಗಿರಿ ಅಂತಾರೆ" ಎಂದು ಅಡ್ಡಗೋಡೆಯ ಮೇಲೆ ದೀಪ ಇಡುತ್ತಿದ್ದೆ. ಜನ ಅದನ್ನೇ ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು. ನಾನು ಯಾರ ಬಾಯಿ, ಯಾರ ಮಾತು ಆಡುತ್ತಿದ್ದೇನೆ ಎಂದು ನನಗೇ ಗೊಂದಲವಾಯಿತು.

ಮೂರನೆಯ ದಿನ ಅತ್ತೆಗೆ ಊಟ ಬಡಿಸಿದೆ. ಬೇಕೆಂದೇ ಸಾರಿಗೆ ಒಂದು ಹಿಡಿ ಉಪ್ಪು ಹೆಚ್ಚಿಗೆ ಸುರಿದಿದ್ದೆ. ನಾಯಿಯೂ ಮುಟ್ಟದಂಥ ಸಾರು. ಅತ್ತೆ ಒಂದು ತುತ್ತು ತಿಂದರು, ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. ತುಟಿ ಅಲುಗಿತು. ಗಂಟಲು ಏರಿತು, ಇಳಿಯಿತು. ಏನೋ ಹೊರಗೆ ಬರಲು ತಿಣುಕಿ, ದಾರಿ ಸಿಗದೆ ಹಿಂದಕ್ಕೆ ಹೋಯಿತು. ಆಕೆ ನನ್ನ ಮಣಿಕಟ್ಟು ಹಿಡಿದುಕೊಂಡರು, ಬಳೆ ಒಡೆಯುವಷ್ಟು ಬಿಗಿಯಾಗಿ. ಕಣ್ಣಲ್ಲಿ ಹೆದರಿಕೆ ಇತ್ತು. ಕಂಡವರ ಪಕ್ಕದಲ್ಲಿ ನಾನು ನಿಂತ ಸಲ ಲೆಕ್ಕವಿಲ್ಲದಷ್ಟು. ಕಂಡವರು ಮಾತಿಗೆ ತಡಕಾಡುವುದಿಲ್ಲ. ಅವರಿಗೆ ಆ ಹೊತ್ತಿಗೆ ಮಾತು ಬೇಕಾಗಿಯೇ ಇರುವುದಿಲ್ಲ. ಅತ್ತೆ ತಡಕಾಡುತ್ತಿದ್ದರು.

ಗಿರಣಿಗೆ ಓಡಿ ಪರಮೇಶಿಗೆ ಹೇಳಿದೆ. ಆತ ಬೆಲ್ಟು ಬಿಚ್ಚಿ ಸದ್ದು ನಿಲ್ಲಿಸಿ, ಹಿಟ್ಟು ಮೆತ್ತಿದ ರೆಪ್ಪೆಗಳನ್ನು ಒರೆಸಿಕೊಂಡ. "ಕಾಯಿಲೆ ಅಂತೀಯಾ? ಊರೆಲ್ಲ ಕೈಮುಗೀತಿದೆ."

"ಊರು ಕೈಮುಗಿದ್ರೆ ಕಾಯಿಲೆ ಓಡೋಗುತ್ತಾ? ಪಕ್ಕದೂರ ಆಸ್ಪತ್ರೆಗೆ ಕರ್ಕೊಂಡು ಹೋಗೋಣ, ನಡೀರಿ."

"ಮಾತು ಹೋದವ್ರನ್ನ ಯಾವತ್ತಾದ್ರೂ ಊರ ಗಡಿ ದಾಟಿಸಿದ್ದುಂಟಾ ಮಂಗಳ? ಕಂಡಿದ್ದು ಕರಗಿ ಹೋದ್ರೆ? ಅವ್ವ ಜೀವಮಾನದಲ್ಲಿ ಇಂಥದ್ದು ಕಂಡಿರ್ಲಿಲ್ಲ." ಆತ ಬಿಚ್ಚಿದ ಬೆಲ್ಟನ್ನು ಮೊಳೆಗೆ ಸಿಕ್ಕಿಸಿದ. ಆಮೇಲೆ ಬಹಳ ಮೆತ್ತಗೆ ಹೇಳಿದ, "ನೀನು ಒಂದ್ಸಲನೂ ಕಂಡಿಲ್ಲ. ನಿಂಗೆ ಹೆಂಗೆ ಗೊತ್ತಾಗುತ್ತೆ?"

ಆತ ಚುಚ್ಚಲು ಹೇಳಿದ್ದಲ್ಲ. ಅದಕ್ಕೇ ಚುಚ್ಚಿತು. ನಿಜ ತಾನೆ? ಮಾವಿನಹಣ್ಣು ತಿನ್ನದವಳು ಅದರ ರುಚಿಗೆ ತಕರಾರು ತೆಗೆದ ಹಾಗೆ. ಅಷ್ಟು ದೊಡ್ಡದನ್ನು ಕಂಡರೆ ಹೆದರಿಕೆಯೂ ಆಗಬಹುದು, ಮುಚ್ಚಳ ಯಾವುದೆಂದು ಮರೆತೂ ಹೋಗಬಹುದು. ಅಥವಾ ನನಗೆ ಸಿಗದದ್ದು ಆಕೆಗೆ ಸಿಕ್ಕಿತೆಂಬ ಹೊಟ್ಟೆಕಿಚ್ಚೇ ಕಾಯಿಲೆಯ ವೇಷ ಹಾಕಿ ನನ್ನ ತಲೆಯಲ್ಲಿ ಕುಣಿಯುತ್ತಿದೆಯೋ? ಆ ದಿನ ಮೈಕಿನಲ್ಲಿ ಎರಡು ಬಸ್ಸುಗಳ ಹೆಸರನ್ನು ಅದಲುಬದಲು ಕೂಗಿದೆ. ನನ್ನ ಕೆಲಸದಲ್ಲಿ ಅಂಥದ್ದು ಹಿಂದೆಂದೂ ಆಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಹಜಾರದ ತುಂಬ ಜನ. ಅತ್ತೆಯನ್ನು ಜಮಖಾನದ ಮೇಲೆ ಕೂರಿಸಿ ಗೌರಕ್ಕ ಆರತಿಗೆ ಅಣಿ ಮಾಡುತ್ತಿದ್ದಳು. ಅತ್ತೆಯ ಬಲಗೈಗೆ ಯಾರೋ ಬಾಳೆಹಣ್ಣು ಕೊಟ್ಟರು. ಅದು ಬೆರಳುಗಳ ನಡುವಿನಿಂದ ಜಾರಿ ಬಿತ್ತು. ಮತ್ತೆ ಕೊಟ್ಟರು, ಮತ್ತೆ ಬಿತ್ತು. "ಎಲ್ಲಾ ಬಿಟ್ಟವ್ರೆ" ಎಂದರು ಯಾರೋ ಹಿಂದಿನಿಂದ. "ಏನಂತಾರೆ ಮಂಗಳ?" ಎಂದಳು ಗೌರಕ್ಕ.

ಎಲ್ಲರೂ ನನ್ನ ಕಡೆ ತಿರುಗಿದರು. ಅತ್ತೆ ಏನೆನ್ನುತ್ತಿದ್ದಾರೆಂದು ನನಗೆ ಗೊತ್ತಿರಲಿಲ್ಲ. ದೇವರಾಣೆಗೂ ಗೊತ್ತಿರಲಿಲ್ಲ. ಆದರೆ ಬಾಯಿ ನಾನು. ಬಸ್ ಹೊರಡುವ ಹೊತ್ತಿನಲ್ಲಿ ಕೂಗುವ ದನಿಯಲ್ಲೇ ಹೇಳಿಬಿಟ್ಟೆ, "ನನ್ನನ್ನ ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂತಾರೆ."

ಗೌರಕ್ಕನ ಮುಖ ಕಪ್ಪಿಟ್ಟಿತು. "ಅವ್ರೇ ಅಂದ್ರಾ?"

"ಅವ್ರೇ ಅಂದ್ರು. ಅವ್ರ ಬಾಯಿ ಯಾರು, ನೀನಾ ನಾನಾ?"

ಬಾಯಾದವಳ ಮಾತನ್ನು ಮೀರುವ ಧೈರ್ಯ ಯಾರಿಗಿದೆ? ಪರಮೇಶಿ ತಾಯಿಯನ್ನು ಎತ್ತಿಕೊಂಡ. ನಾನೇ ದಿನಾ ಕೂಗುವ ಬಸ್ಸು ಅದು, ಹತ್ತಿದ್ದು ಮಾತ್ರ ಅಂದೇ ಮೊದಲು. ಊರ ಗಡಿಯ ಸೇತುವೆ ಬಂದಾಗ ಗಂಡ ಹೆಂಡಿರಿಬ್ಬರೂ ಅತ್ತೆಯ ಮುಖವನ್ನೇ ನೋಡಿದೆವು. ಕಂಡದ್ದು ಕರಗಿ, ಈಗ ಬೈಯುತ್ತಾರೇನೋ ಎಂದು ಕಾದೆವು. ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು. ಸೇತುವೆ ಹಿಂದಕ್ಕೆ ಹೋಯಿತು, ಏನೂ ಆಗಲಿಲ್ಲ. ಆಗದೇ ಇದ್ದದ್ದಕ್ಕೆ ಹೆದರಬೇಕೋ ಸಮಾಧಾನ ಪಡಬೇಕೋ ನನಗೆ ತಿಳಿಯಲಿಲ್ಲ.

ಪಕ್ಕದೂರ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಚುರುಕು. ಅತ್ತೆಗೆ ನಗಲು ಹೇಳಿದಳು, ಎರಡೂ ಕೈ ಎತ್ತಿ ಹಿಡಿಯಲು ತಾನೇ ಎತ್ತಿ ತೋರಿಸಿದಳು. ನಗು ಒಂದೇ ಕಡೆಗೆ ಬಂತು. ಬಲಗೈ ಮೆಲ್ಲಗೆ ಕೆಳಗಿಳಿಯಿತು. "ಮಾತು ಯಾವಾಗ ನಿಂತಿದ್ದು?"

"ನಾಲ್ಕು ದಿನ ಆಯ್ತು."

"ನಾಲ್ಕು ದಿನ! ಅಲ್ಲೀವರೆಗೂ ಏನ್ರೀ ಮಾಡ್ತಿದ್ರಿ?"

"ಪೂಜೆ" ಎಂದ ಪರಮೇಶಿ.

ಡಾಕ್ಟರಮ್ಮ ನಮ್ಮಿಬ್ಬರನ್ನೂ ಬಹಳ ಹೊತ್ತು ನೋಡಿದಳು. ಮೆದುಳಿಗೆ ಹೋಗುವ ರಕ್ತ ಒಂದು ಕಡೆ ಕಟ್ಟಿಕೊಂಡಿದೆ, ಇದೂ ಒಂದು ಥರದ ಲಕ್ವವೇ, ಕೈಕಾಲಿಗಿಂತ ಹೆಚ್ಚಾಗಿ ಮಾತಿನ ಜಾಗಕ್ಕೆ ಹೊಡೆದಿದೆ ಎಂದಳು. ಮೊದಲ ದಿನವೇ ಬಂದಿದ್ದರೆ ಎಂದು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದಳು. ಇನ್ನೊಂದು ಸಲ ಹೊಡೆಯದ ಹಾಗೆ ಮದ್ದು ಕೊಡಬಹುದು, ಮಾತು ಬರಲೂಬಹುದು, ಬರದೆಯೂ ಇರಬಹುದು. "ಮನೇಲಿ ಒಂದೊಂದೇ ವಸ್ತು ತೋರಿಸಿ ಹೆಸರು ಹೇಳ್ತಾ ಇರಿ. ನಿಧಾನಕ್ಕೆ. ಬೇಜಾರಾದ್ರೂ ಬಿಡಬೇಡಿ." ಮೊದಲ ದಿನ "ಕಂಡ್ರು, ಬಿಡಿ" ಎಂದವಳು ನಾನೇ ಎಂಬುದು ಆಗ ನೆನಪಾಗಿ, ಆಸ್ಪತ್ರೆಯ ನಲ್ಲಿಯ ಹತ್ತಿರ ನಿಂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ನಾವು ತಿರುಗಿ ಬರುವಷ್ಟರಲ್ಲಿ ಹಾರಗಳು ಬಾಡಿದ್ದವು. ಜನ ಬರುವುದು ನಿಂತಿತು. ಪಾತ್ರೆಗಳ ಮೇಲಿನ ಬಾಚಣಿಗೆಗಳು ಸದ್ದಿಲ್ಲದೆ ಗೂಡು ಸೇರಿದವು. ಗೌರಕ್ಕ ಮಾತ್ರ ಬಂದಳು, ಅತ್ತೆಯ ಕೈ ಹಿಡಿದು ಕಣ್ಣೀರು ಹಾಕಿದಳು. ಹೊರಡುವಾಗ ಹೊಸ್ತಿಲಲ್ಲಿ ನಿಂತು, "ಒಂದ್ ಮಾತು ಕೇಳ್ಲಾ? ಎರಡೂ ಆಗಿರಬಾರ್ದಾ? ಏನೋ ಕಂಡ್ರು, ಆಮೇಲೆ ಹೊಡೀತು. ಹಂಗಿರಬಾರ್ದಾ?" ಎಂದಳು. ಆ ಚೊಂಬು, ಆ ಬಳ್ಳಿ, ಆ ಕಾಗೆ. ಇರಬಹುದು. ಅದನ್ನು ಹೇಳಬಲ್ಲವರು ಒಬ್ಬರೇ, ಅವರಿಗೆ ಮಾತಿಲ್ಲ.

ಹೆಸರು ಹೇಳುವ ಕೆಲಸ ಶುರುವಾಯಿತು. ಕೂಗಿ ಹೇಳುವುದು ನನಗೇನು ಹೊಸದೇ? ಬೆಳಿಗ್ಗೆ ಮೈಕಿನಲ್ಲಿ ಊರುಗಳ ಹೆಸರು, ಮನೆಗೆ ಬಂದರೆ ಸಾಮಾನುಗಳ ಹೆಸರು. "ಇದು ಸೌಟು ಅತ್ತೆ. ಸೌಟು. ಇದು ಬತ್ತಿ. ಇದು ಗುಂಡಿ, ನಿಮ್ಮ ಮಗನ ಅಂಗಿಯ ಗುಂಡಿ, ಯಾವಾಗ್ಲೂ ಕಿತ್ತು ಹೋಗುತ್ತಲ್ಲ ಅದು." ಒಂದು ವಸ್ತುವನ್ನು ಕಣ್ಣೆದುರು ಹಿಡಿದು ಅದರ ಹೆಸರನ್ನು ಹತ್ತು ಸಲ ಹೇಳಿದರೆ ಒಂದು ವಿಚಿತ್ರ ನಡೆಯುತ್ತದೆ. ಹೆಸರು ಸಡಿಲವಾಗಿ ಬಿದ್ದುಹೋಗುತ್ತದೆ, ವಸ್ತು ಒಂದೇ ಉಳಿಯುತ್ತದೆ. ಒಮ್ಮೆ ಜರಡಿ ಹಿಡಿದುಕೊಂಡು ಹಾಗೆಯೇ ಕೂತುಬಿಟ್ಟೆ. ಇದ್ಯಾಕೆ ಹೀಗಿದೆ, ಇಷ್ಟು ತೂತನ್ನು ಯಾರು ಇಷ್ಟು ಅಚ್ಚುಕಟ್ಟಾಗಿ ಮಾಡಿದರು ಎಂದು ತಲೆ ಕೆಟ್ಟಿತು. ಮಾತು ಹೋಯಿತೇನೋ ಎಂದು ಹೆದರಿ "ಜರಡಿ!" ಎಂದು ಕಿರುಚಿದೆ. ಮಾತು ಇತ್ತು. ಅತ್ತೆ ಬೆಚ್ಚಿಬಿದ್ದು ನನ್ನನ್ನು ನೋಡಿದರು. ಮಳೆಗಾಲ ಹೋಯಿತು, ಅವರೆಕಾಯಿ ಬಂತು, ಅತ್ತೆಯ ಕೈಗೆ ಹಿಡಿತ ಬಂತು. ಮಾತು ಬರಲಿಲ್ಲ. ಅಡುಗೆಯಲ್ಲಿ ಉಪ್ಪು ಎಷ್ಟಿದೆಯೆಂದು ಹೇಳುವವರಿಲ್ಲದೆ ನಾನು ಹಾಕಿದ್ದೇ ಅಳತೆಯಾಯಿತು. ಒಬ್ಬಳೇ ಉಣ್ಣುವಾಗ "ಜಾಸ್ತಿ ಆಯ್ತಾ ಅತ್ತೆ?" ಎಂದು ಕೇಳಿಕೊಳ್ಳುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ತೋರಿಸಿಕೊಂಡು ಬರಲು ಅತ್ತೆಯನ್ನು ಮತ್ತೆ ಆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗಿರಣಿಯಲ್ಲಿ ಜನವಿದ್ದುದರಿಂದ ಪರಮೇಶಿ ಬಂದಿರಲಿಲ್ಲ. ಡಾಕ್ಟರಮ್ಮ ರಕ್ತದೊತ್ತಡ ನೋಡಿದಳು, ಕೈ ಹಿಡಿಸಿ ನೋಡಿದಳು. "ಪರವಾಗಿಲ್ಲ. ಊಟ ತಿಂಡಿ ಸರಿಯಾಗಿ ಮಾಡ್ತಾರಾ? ಬೆಳಿಗ್ಗೆ ಏನು ತಿಂದ್ರು?"

"ಉಪ್ಪಿಟ್ಟು" ಎಂದೆ.

ನನ್ನ ಪಕ್ಕದ ಕುರ್ಚಿಯಲ್ಲಿ ಏನೋ ಸದ್ದಾಯಿತು, ತುಕ್ಕು ಹಿಡಿದ ಚಿಲಕ ಸರಿಸಿದಂತೆ. ಅತ್ತೆಯ ಕುತ್ತಿಗೆಯ ನರ ಉಬ್ಬಿತ್ತು. ಆಕೆ ಡಾಕ್ಟರಮ್ಮನ ಕಡೆ ನೋಡುತ್ತ, ನನ್ನ ಕಡೆ ಬೆರಳು ತೋರಿಸಿ, "ಉ... ಉಪ್ಪು" ಎಂದರು. ಉಸಿರು ಎಳೆದುಕೊಂಡರು. "ಜಾಸ್ತಿ."

ನಾನು ಏನೋ ಹೇಳಲು ಹೋದೆ. 'ಅತ್ತೆ' ಎನ್ನಲು, ಅಥವಾ ನಗಲು, ಅಥವಾ ಸಮುದ್ರ ನಮ್ಮಪ್ಪನ ಮನೆ ಹಿತ್ತಲಲ್ಲೇ ಇತ್ತು ಎನ್ನಲು. ಬಾಯಿ ತೆರೆಯಿತು, ಏನೂ ಬರಲಿಲ್ಲ. ಕಣ್ಣೆದುರಿಗೆ ಅತ್ತೆಯ ಬಾಯಿ, ಅರ್ಧ ಉದುರಿದ ಹಲ್ಲು, ಮೇಲ್ತುಟಿಯ ಮೇಲಿನ ಬಿಳಿ ಕೂದಲು. ದಿನಾ ನನ್ನನ್ನು ಬೈದ ಬಾಯಿ. ಅದರೊಳಗಿನಿಂದ ಒಂದು ಮಾತು, ಎಲ್ಲಿಂದ ಹೊರಟಿತ್ತೋ, ಎಷ್ಟು ದೂರ ನಡೆದು ಬಂದಿತ್ತೋ, ಬಂದು ನನ್ನ ಮುಂದೆ ನಿಂತಿತ್ತು. ಇಷ್ಟು ದಿನ ಲೋಕವೆಲ್ಲ ಇದನ್ನು ಆಡುತ್ತಿತ್ತೇ? ನಾನು ಮೈಕಿನಲ್ಲಿ ದಿನವಿಡೀ ಕೂಗುತ್ತಿದ್ದುದು ಇದನ್ನೇ?

"ಏನ್ರೀ, ಏನಾಯ್ತು? ಮಾತಾಡಿ" ಎಂದಳು ಡಾಕ್ಟರಮ್ಮ. ಆಗಲಿಲ್ಲ. ಆಗ ಹೆದರಿಕೆಯಾಯಿತು. ಇದು ಕಂಡದ್ದೇನಾ, ಇಲ್ಲಾ ಅತ್ತೆಗೆ ಹೊಡೆದದ್ದೇ ನನಗೂ ಹೊಡೆಯಿತಾ? ಇಷ್ಟು ಜನಕ್ಕೆ ಬಾಯಾದವಳು ನಾನು, ನನ್ನ ಒಳಗೇ ನಿಂತು ನೋಡಿದರೂ ಯಾವುದು ಯಾವುದೆಂದು ನನಗೆ ತಿಳಿಯಲಿಲ್ಲ. ಇದು ನಮ್ಮೂರೂ ಅಲ್ಲ. ಡಾಕ್ಟರಮ್ಮ ಕುರ್ಚಿ ತಳ್ಳಿ ಎದ್ದು ಓಡಿ ಬಂದು ನನ್ನ ಮುಖ ಹಿಡಿದಳು. "ನಗಿ, ನಗಿ ನೋಡೋಣ. ಎರಡೂ ಕೈ ಎತ್ತಿ. ಸಿಸ್ಟರ್!"

ನಾನು ಎರಡೂ ಕೈ ಎತ್ತಿದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಅತ್ತೆ ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ಡಾಕ್ಟರಮ್ಮನ ಕೈಯನ್ನು ನನ್ನ ಮುಖದಿಂದ ಸರಿಸಿದರು.

"ಕಂಡ್... ಕಂಡ್ಳು" ಎಂದರು. "ಬಿಡಿ."

ಎತ್ತಿದ ಕೈಗಳನ್ನು ಇಳಿಸಬೇಕೆಂದು ನನಗೆ ಬಹಳ ಹೊತ್ತು ನೆನಪಾಗಲಿಲ್ಲ.